ವಸಂತಕ್ಕೆ ಎಂಥ ಚಿತ್ರಪುಸ್ತಕ ಆರಿಸಲಿ?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಚಳಿ ಮುಗಿದು ಗಿಡಗಳು ಚಿಗುರುತ್ತಿವೆ. ಈ ಹೊತ್ತಿಗೆ ಸರಿಯಾಗಿ ವಸಂತದ ಬಗ್ಗೆ ಒಂದೆರಡು ಚಿತ್ರಪುಸ್ತಕ ಕೊಡಿಸೋಣ ಅಂದುಕೊಂಡೆ. ಮುಖಪುಟದ ತುಂಬ ಹೂವು, ಚಿಟ್ಟೆ ಇದ್ದ ಒಂದು ಪುಸ್ತಕ ತಂದೆ. ಮಗಳು ಎರಡು ಪುಟ ನೋಡಿ ಮುಚ್ಚಿಟ್ಟಳು. ಮತ್ತೆ ಹಳೆಯ ಗೊದಮೊಟ್ಟೆಯ ಪುಸ್ತಕವನ್ನೇ ತಂದು ಓದು ಅನ್ನುತ್ತಾಳೆ. ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮಗ ಹಾಳೆಯನ್ನು ನೇರ ಬಾಯಿಗೇ ಇಡುತ್ತಾನೆ. ಎಂಥ ಪುಸ್ತಕ ಆರಿಸಬೇಕು? ಇಬ್ಬರಿಗೂ ಒಂದೇ ಸಾಕಾ? ಎಷ್ಟು ಬೇಕು? ತಂದಿರುವ ಪುಸ್ತಕವನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮಗಳ ಬಗ್ಗೆ ಖುಷಿಯಾಯಿತು. ಹೂವಿನ ಪುಸ್ತಕ ಮುಚ್ಚಿಟ್ಟು ಗೊದಮೊಟ್ಟೆಯ ಪುಸ್ತಕ ತಂದಳಲ್ಲ, ಅವಳ ಆಯ್ಕೆ ಸರಿಯಾಗಿಯೇ ಇದೆ. ಗೊದಮೊಟ್ಟೆಗೆ ಏನೋ ಆಗುತ್ತದೆ. ಮೊದಲು ಬರೀ ಬಾಲ, ಆಮೇಲೆ ಕಾಲು, ಆಮೇಲೆ ನೆಗೆತ. ಮುಂದಿನ ಪುಟದಲ್ಲಿ ಏನಿದೆ ಅಂತ ಗೊತ್ತಿದ್ದರೂ ಅದನ್ನು ಮತ್ತೆ ನೋಡುವ ಆಸೆ ಇರುತ್ತದೆ. ಹೂವಿನ ಪುಸ್ತಕದಲ್ಲಿ ಪುಟ ತಿರುವಿದರೆ ಇನ್ನೊಂದು ಹೂವು, ಇನ್ನೊಂದು ಚಿಟ್ಟೆ, ಅಷ್ಟೇ ಇದ್ದಿರಬೇಕು. ಎರಡು ಪುಟಕ್ಕೇ ಅವಳಿಗೆ ವಿಷಯ ತಿಳಿದುಹೋಯಿತು.

ಪುಟ್ಟ ಮಕ್ಕಳ ಜೊತೆ ಕೂತು ಓದುವುದೇ ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ವಸಂತದ ಪುಸ್ತಕಗಳ ಬಗ್ಗೆ ನಾನು ಕಲಿತದ್ದು ಒಂದೇ ಮಾತು: ವಸಂತ ಅಂದರೆ ಬದಲಾವಣೆ. ಹೂವು, ಚಿಟ್ಟೆ, ಮರಿಹಕ್ಕಿ ಎಲ್ಲ ಅದರ ಗುರುತುಗಳು. ನಿನ್ನೆ ಇಲ್ಲದ್ದು ಇವತ್ತು ಇದೆ ಅನ್ನುವುದೇ ಈ ಕಾಲದ ಸೋಜಿಗ. ಅದನ್ನು ತೋರಿಸುವ ಪುಸ್ತಕ ವಸಂತದ ಪುಸ್ತಕ. ಮುಖಪುಟದಲ್ಲಿ ಒಂದು ಹೂವೂ ಇರದಿದ್ದರೂ ಸರಿ.

ಇದಕ್ಕೆ ಚಿತ್ರಪುಸ್ತಕದಷ್ಟು ಹೊಂದುವ ಸಾಧನ ಇನ್ನೊಂದಿಲ್ಲ. ಹೆಚ್ಚಿನ ಚಿತ್ರಪುಸ್ತಕಗಳಲ್ಲಿ 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಮಡಿಸಿ, ಕತ್ತರಿಸುವಾಗ ಪುಟಗಳು 8ರ, 16ರ ಲೆಕ್ಕದಲ್ಲಿ ಬರುತ್ತವೆ. ಅದಕ್ಕೇ ಈ ಸಂಖ್ಯೆ. ಹೆಸರಿನ ಪುಟ, ಪ್ರಕಾಶಕರ ವಿವರ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಜೋಡಿ ಪುಟ. ಅಂದರೆ ಮಗು ಅಷ್ಟು ಸಲ ಹಾಳೆ ತಿರುವುತ್ತದೆ. ಪ್ರತಿ ಸಲ ತಿರುವುವಾಗಲೂ ನಡುವೆ ಒಂದಷ್ಟು ಸಮಯ ಕಳೆದಂತೆ. ಒಂದು ಕಡೆ ಮೊಗ್ಗು, ತಿರುವಿದರೆ ಹೂವು. ನಾಲ್ಕು ವರ್ಷದ ಮಗುವಿಗೆ "ಮೂರು ವಾರ" ಅಂದರೆ ಏನೂ ಅರ್ಥವಾಗುವುದಿಲ್ಲ. ಆದರೆ ಹಾಳೆ ತಿರುವಿದಾಗ ಕಾಲ ಸರಿಯಿತು ಅನ್ನುವುದು ಕೈಗೇ ತಿಳಿಯುತ್ತದೆ.

ಹಾಗಾಗಿ ಪುಸ್ತಕ ಕೈಗೆತ್ತಿಕೊಂಡಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಅಕ್ಷರ ಓದಬೇಡಿ. ಕಥೆಯ ಮೊದಲ ಚಿತ್ರ ನೋಡಿ, ಕೊನೆಯ ಚಿತ್ರ ನೋಡಿ. ಎರಡರ ನಡುವೆ ಏನೋ ಬದಲಾಗಿದೆಯಾ? ಬೋಳು ಕೊಂಬೆ ತುಂಬಿಕೊಂಡಿದೆಯಾ, ಖಾಲಿ ಗೂಡಿಗೆ ಯಾರಾದರೂ ಬಂದಿದ್ದಾರಾ, ಕೋಪದಲ್ಲಿ ಕೂತಿದ್ದ ಹುಡುಗಿ ನಗುತ್ತಿದ್ದಾಳಾ? ಆಮೇಲೆ ನಡುವಿನ ಚಿತ್ರಗಳನ್ನು ಸುಮ್ನೆ ಒಂದೊಂದಾಗಿ ನೋಡುತ್ತ ಹೋಗಿ. ಓದದೆಯೇ ಕಥೆ ಮುಕ್ಕಾಲು ಪಾಲು ತಿಳಿದರೆ ಆ ಪುಸ್ತಕ ಒಳ್ಳೆಯದು. ಯಾಕೆಂದರೆ ನಿಮ್ಮ ಮಗಳು ನೋಡುವುದು ಹಾಗೆಯೇ. ಅಕ್ಷರ ನಿಮ್ಮದು, ಚಿತ್ರ ಅವಳದು.

ಚಿತ್ರ ಮತ್ತು ಮಾತು ಎರಡೂ ಒಂದನ್ನೇ ಹೇಳುವ ಪುಸ್ತಕಗಳು ಬಹಳ ಇವೆ. "ಕೆಂಪು ಹೂವಿನ ಮೇಲೆ ಹಳದಿ ಚಿಟ್ಟೆ ಕೂತಿತು" ಅಂತ ಬರೆದು, ಕೆಂಪು ಹೂವಿನ ಮೇಲೆ ಹಳದಿ ಚಿಟ್ಟೆಯನ್ನೇ ಬರೆದಿರುತ್ತಾರೆ. ಆಗ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ, ಅಲ್ವಾ? "ತೋಟದಲ್ಲಿ ಯಾರೂ ಇರಲಿಲ್ಲ" ಅಂತ ಬರೆದು, ಮೂಲೆಯ ಪೊದೆಯಿಂದ ಒಂದು ಬಾಲ ಹೊರಗೆ ಕಾಣುತ್ತಿದ್ದರೆ ನೋಡಿ. ನೀವು ಓದಿ ಮುಗಿಸುವ ಮೊದಲೇ ಅವಳು ಬೆರಳಿಟ್ಟು "ಇದೆ, ಇದೆ, ಇಲ್ಲಿದೆ!" ಅನ್ನುತ್ತಾಳೆ. ಓದುವ ದೊಡ್ಡವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನುವ ಖುಷಿ ಅದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್ ಎಂಬ ಚಿತ್ರಕಾರ ಇದನ್ನು ಬಹಳ ಚೆನ್ನಾಗಿ ಮಾಡಿ ತೋರಿಸಿದರು. ಹಾಡಿನ ಸಾಲು ಒಂದು ಹೇಳಿದರೆ ಅವರ ಚಿತ್ರ ಅದಕ್ಕೆ ಇನ್ನೊಂದು ಕಥೆ ಸೇರಿಸುತ್ತಿತ್ತು. ಅಮೆರಿಕದಲ್ಲಿ 1938ರಿಂದ ಚಿತ್ರಪುಸ್ತಕಗಳಿಗೆ ಕೊಡುವ ದೊಡ್ಡ ಪದಕ ಅವರ ಹೆಸರಿನಲ್ಲೇ ಇದೆ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ವಸಂತದ ಪುಸ್ತಕ ಹಿಡಿದು ಮಗು ಹೊರಗೆ ಹೋಗುತ್ತದೆ, ಅಥವಾ ಹೊರಗಿನಿಂದ ಬಂದು ಪುಸ್ತಕ ತೆರೆಯುತ್ತದೆ. ಒಳಗಿನದನ್ನೂ ಹೊರಗಿನದನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತದೆ. ಆದ್ದರಿಂದ ಚಿತ್ರದಲ್ಲಿ ಕಾಣುವ ಜೀವಗಳು ಸರಿಯಾಗಿರಬೇಕು. ನಾನು ನೋಡುವ ಕೆಲವು ಗುರುತುಗಳನ್ನು ಹೇಳುತ್ತೇನೆ.

ಗೊದಮೊಟ್ಟೆಗೆ ಮೊದಲು ಬರುವುದು ಹಿಂಗಾಲು. ಮುಂಗಾಲು ಆಮೇಲೆ. ಬಾಲ ಕಳಚಿ ಬೀಳುವುದಿಲ್ಲ, ನಿಧಾನವಾಗಿ ಕುಗ್ಗಿ ದೇಹದೊಳಗೇ ಸೇರಿಹೋಗುತ್ತದೆ. ಮುಂಗಾಲನ್ನು ಮೊದಲು ತೋರಿಸಿದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಕೊಳದ ಹತ್ತಿರ ಕೂತು ನೋಡಿದವರು ಹಾಗೆ ಬರೆಯಲಾರರು. ಬೀಜದ ಪುಸ್ತಕವಾದರೆ ಮೊದಲು ಬೇರು ಕೆಳಗೆ ಇಳಿಯಬೇಕು, ಆಮೇಲೆ ಕುಡಿ ಮೇಲೆ ಬರಬೇಕು. ಚಿಟ್ಟೆಗೆ, ಜೇನುಹುಳುವಿಗೆ, ಗುಲಗಂಜಿ ಹುಳುವಿಗೆ ಆರು ಕಾಲು. ಜೇಡಕ್ಕೆ ಎಂಟು. ಜೇನುಹುಳುಗಳು ಕಟ್ಟುವುದು ಮೇಣದ ಎರಿಗಳನ್ನು. ಪುಸ್ತಕಗಳಲ್ಲಿ ಕೊಂಬೆಗೆ ನೇತುಹಾಕಿರುವ, ಕಾಗದದ ಉಂಡೆಯಂಥ ಬೂದು ಗೂಡು ಸಾಮಾನ್ಯವಾಗಿ ಕಣಜದ್ದು. ಮರದ ಗೂಡಿನಲ್ಲಿ ಹುಟ್ಟುವ ಹಾಡುಹಕ್ಕಿಗಳ ಮರಿಗೆ ಹುಟ್ಟಿದಾಗ ಪುಕ್ಕ ಇಲ್ಲವೆನ್ನುವಷ್ಟು ಕಡಿಮೆ, ಕಣ್ಣೂ ಮುಚ್ಚಿರುತ್ತದೆ. ಮೈತುಂಬ ಹಳದಿ ನವಿರು ಹೊತ್ತು ಹುಟ್ಟಿದ ದಿನವೇ ಓಡಾಡುವುದು ಕೋಳಿಮರಿ, ಬಾತುಮರಿಗಳು. ಗುಬ್ಬಿ ಗೂಡಿನಲ್ಲಿ ಕೋಳಿಮರಿ ಇಟ್ಟಂಥ ಚಿತ್ರ ನೋಡಿ ಬೆಳೆದ ಮಗುವಿಗೆ ನಿಜವಾದ ಗುಬ್ಬಿಮರಿ ಕಂಡಾಗ ಅದಕ್ಕೆ ಏನೋ ಕಾಯಿಲೆ ಅನ್ನಿಸುತ್ತದೆ. ನನ್ನ ಹತ್ತಿರ ಒಬ್ಬ ಐದು ವರ್ಷದ ಹುಡುಗ ಹಾಗೆಯೇ ಅಳುತ್ತ ಬಂದಿದ್ದ. "ಹಕ್ಕಿ ಹಾಳಾಗಿದೆ" ಅಂದ. ಅವತ್ತಿನಿಂದ ನಾನು ಮರಿಗಳ ಚಿತ್ರವನ್ನು ಜಾಸ್ತಿ ಗಮನಿಸುತ್ತೇನೆ.

ಹಾಗಂತ ಮಾತಾಡುವ ಮೊಲ, ಟೋಪಿ ಹಾಕಿದ ಕಪ್ಪೆ ಬೇಡ ಅನ್ನುತ್ತಿಲ್ಲ. ಕಪ್ಪೆ ಟೋಪಿ ಹಾಕುವುದಿಲ್ಲ ಅಂತ ನಾಲ್ಕು ವರ್ಷದವಳಿಗೆ ಚೆನ್ನಾಗಿ ಗೊತ್ತು. ಅದು ಆಟ. ಮುಂಗಾಲು ಮೊದಲು ಬರುತ್ತದೋ ಹಿಂಗಾಲೋ ಅನ್ನುವುದು ಅವಳಿಗೆ ಗೊತ್ತಿಲ್ಲ. ಗೊತ್ತಿರುವಲ್ಲಿ ಆಟವಾಡಲಿ, ಗೊತ್ತಿಲ್ಲದಲ್ಲಿ ಪುಸ್ತಕ ನಿಜ ಹೇಳಲಿ. ನಾನು ಗೆರೆ ಎಳೆಯುವುದು ಅಲ್ಲಿ.

ಒಂದು ತಪ್ಪು ಕಂಡಿತು ಅಂತ ಒಳ್ಳೆಯ ಪುಸ್ತಕವನ್ನು ದೂರ ಇಡಬೇಡಿ. ಅಮೆರಿಕದ ಚಿತ್ರಕಾರ ಎರಿಕ್ ಕಾರ್ಲ್ 1969ರಲ್ಲಿ ಮಾಡಿದ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಪುಸ್ತಕವನ್ನೇ ನೋಡಿ. ಅದರಲ್ಲಿ ಕಂಬಳಿಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಚಿಟ್ಟೆಯಾಗುತ್ತದೆ. ರೇಷ್ಮೆ ಹುಳುವಿನಂತೆ ನೂಲಿನ ಗೂಡು ಸುತ್ತಿಕೊಳ್ಳುವುದು ಸಾಮಾನ್ಯವಾಗಿ ಪತಂಗಗಳು. ಚಿಟ್ಟೆಯಾಗುವ ಹುಳು ಹೆಚ್ಚಾಗಿ ಚರ್ಮ ಕಳಚಿ, ಗಟ್ಟಿ ಚಿಪ್ಪಿನಂಥ ಕೋಶವಾಗಿ ನೇತಾಡುತ್ತದೆ. ಹೀಗಿದ್ದರೂ ಆ ಪುಸ್ತಕ ನನಗೆ ಬಹಳ ಇಷ್ಟ. ಹುಳು ತಿಂದ ಜಾಗದಲ್ಲಿ ಹಾಳೆಗೇ ತೂತು ಕೊರೆದಿದ್ದಾರೆ. ಮಕ್ಕಳು ಅದರೊಳಗೆ ಬೆರಳು ತೂರಿಸದೆ ಮುಂದೆ ಹೋಗುವುದೇ ಇಲ್ಲ. ಓದಿ ಮುಗಿಸಿದ ಮೇಲೆ "ನಿಜವಾದ ಚಿಟ್ಟೆ ಹೇಗೆ ಮಾಡುತ್ತೆ ಗೊತ್ತಾ?" ಅಂತ ಒಂದು ಮಾತು ಸೇರಿಸುತ್ತೇನೆ. ಅಷ್ಟು ಸಾಕು.

ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ವಸಂತದ ಪುಸ್ತಕ ಅಂದರೆ ಗುಲಾಬಿ, ತಿಳಿ ಹಳದಿ, ತಿಳಿ ಹಸಿರು ಅಂತ ಎಷ್ಟೋ ಪ್ರಕಾಶಕರು ನಂಬಿದ್ದಾರೆ. ನಿಜವಾದ ವಸಂತದಲ್ಲಿ ಕೆಸರೂ ಇದೆ. ಕೊಳೆತ ಎಲೆ, ಅದರ ಕೆಳಗೆ ಎರೆಹುಳು, ಗಾಳಿಗೆ ಉದುರಿದ ಮೊಗ್ಗು, ಥಟ್ಟನೆ ಬಂದು ಒದ್ದೆ ಮಾಡುವ ಮಳೆ, ಎಲ್ಲ ಇವೆ. ನನ್ನ ಕಪಾಟಿನಲ್ಲಿ ಮಕ್ಕಳ ಕೈಯಲ್ಲಿ ಬೇಗ ಸವೆಯುವುದು ಮಣ್ಣಿನ ಪುಸ್ತಕಗಳು. ಮಣ್ಣನ್ನು ಮೇಲಿಂದ ಕೆಳಕ್ಕೆ ಕೊಯ್ದು, ಮೇಲೆ ಏನಾಗುತ್ತಿದೆ, ಕೆಳಗೆ ಏನಾಗುತ್ತಿದೆ ಅಂತ ಒಂದೇ ಪುಟದಲ್ಲಿ ತೋರಿಸುವ ಚಿತ್ರ ಸಿಕ್ಕರೆ ಬಿಡಬೇಡಿ. ಮೇಲೆ ಬರೀ ಬಯಲು, ಕೆಳಗೆ ಆಗಲೇ ಬೇರುಗಳ ಓಡಾಟ. ಕಣ್ಣಿಗೆ ಕಾಣದ ಕಡೆಯೂ ಕೆಲಸ ನಡೆಯುತ್ತಿದೆ ಅನ್ನುವುದನ್ನು ಮಕ್ಕಳು ಬಾಯಿ ತೆರೆದು ನೋಡುತ್ತಾರೆ.

ಯಾರ ವಸಂತ ಅನ್ನುವುದನ್ನೂ ನೋಡಿ. ಬಹಳಷ್ಟು ಪುಸ್ತಕಗಳಲ್ಲಿ ವಸಂತ ಶುರುವಾಗುವುದೇ ಹಿಮ ಕರಗುವುದರಿಂದ. ಹಿಮವನ್ನೇ ಕಾಣದ ಮಕ್ಕಳು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಭೂಮಿಯ ಉತ್ತರಾರ್ಧದಲ್ಲಿ ಹಗಲು ರಾತ್ರಿ ಸಮವಾಗುವ ಮಾರ್ಚ್ 20ರ ಹೊತ್ತಿಗೆ ವಸಂತ. ದಕ್ಷಿಣಾರ್ಧದ ಮಕ್ಕಳಿಗೆ ಅದು ಬರುವುದು ಸೆಪ್ಟೆಂಬರ್‌ನಲ್ಲಿ. ಬೆಚ್ಚಗಿನ ನಾಡುಗಳಲ್ಲಿ ಕೆಲವು ಮರಗಳು ಎಲೆ ಉದುರಿಸಿದ ಬೆನ್ನಿಗೇ ಚಿಗುರುತ್ತವೆ. ನಡುವೆ ದೊಡ್ಡ ಚಳಿಗಾಲ ಇರುವುದೇ ಇಲ್ಲ. ದೂರದ ವಸಂತದ ಪುಸ್ತಕ ಇರಲಿ, ಮಕ್ಕಳಿಗೆ ಅದೂ ಬೇಕು. ಆದರೆ ಕಡೇಪಕ್ಷ ಒಂದು ಪುಸ್ತಕದಲ್ಲಿ ನಿಮ್ಮ ಕಿಟಕಿಯಿಂದ ಕಾಣುವಂಥ ಮರ, ಹಕ್ಕಿ, ಹುಳು ಇರಬೇಕು. ಇಲ್ಲದಿದ್ದರೆ ವಸಂತ ಅನ್ನುವುದು ಪುಸ್ತಕದಲ್ಲಿ ಮಾತ್ರ ಬರುವ ಕಾಲ ಅಂತ ಮಗು ತಿಳಿದುಕೊಳ್ಳುತ್ತದೆ.

ಈಗ ನಿಮ್ಮ ಮಗನ ವಿಷಯ. ಒಂದೂವರೆ ವರ್ಷದವನು ಹಾಳೆಯನ್ನು ಬಾಯಿಗೆ ಇಡುವುದು ತಪ್ಪಲ್ಲ. ವಸ್ತುವನ್ನು ಅವನು ತಿಳಿಯುವ ದಾರಿಯೇ ಅದು. ಅವನಿಗೆ ದಪ್ಪ ರಟ್ಟಿನ ಬೋರ್ಡ್ ಬುಕ್ ಕೊಡಿ. ಮೂಲೆಗಳು ದುಂಡಗಿರಲಿ. ಒಂದು ಪುಟಕ್ಕೆ ಒಂದು ಜೀವ, ಹಿನ್ನೆಲೆ ಖಾಲಿ, ಗೆರೆ ಸ್ಪಷ್ಟ. ತುಂಬಿ ತುಳುಕುವ ಹೂದೋಟದ ಚಿತ್ರ ಅವನ ಕಣ್ಣಿಗೆ ಬರೀ ಬಣ್ಣದ ರಾಶಿ. ಮಾತಿನಲ್ಲಿ ಸದ್ದು ಇರಲಿ: ಟಪಟಪ, ಪಟಪಟ, ಗುಂಯ್, ಚಿಲಿಪಿಲಿ. ಈ ವಿಷಯದಲ್ಲಿ ಕನ್ನಡದಷ್ಟು ಶ್ರೀಮಂತ ಭಾಷೆ ನಮಗೆ ಸಿಕ್ಕಿದೆ, ಅದನ್ನು ಧಾರಾಳವಾಗಿ ಬಳಸಿ. ಪುಸ್ತಕದಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ. ಮುಚ್ಚಳದಂತೆ ಎತ್ತಿ ನೋಡುವ ಕಾಗದದ ಚೂರು ಇರುವ ಪುಸ್ತಕವನ್ನು ಇನ್ನೂ ಆರೇಳು ತಿಂಗಳು ಬಿಟ್ಟು ಕೊಡಿ. ಈಗ ಕೊಟ್ಟರೆ ಕಿತ್ತುಕೊಂಡು ಬರುತ್ತದೆ, ಆಮೇಲೆ ಅವನನ್ನು ಗದರಿಸುವ ಹಾಗಾಗುತ್ತದೆ.

ಅಳತೆಯೂ ಮುಖ್ಯ. ಇಂಗ್ಲೆಂಡಿನ ಲೇಖಕಿ, ಚಿತ್ರಕಾರ್ತಿ ಬಿಯಾಟ್ರಿಕ್ಸ್ ಪಾಟರ್ ತಮ್ಮ ಮೊಲದ ಕಥೆಯನ್ನು 1902ರಲ್ಲಿ ಹೊರತಂದಾಗ ಪುಸ್ತಕ ಚಿಕ್ಕದಾಗಿಯೇ ಇರಬೇಕು, ಪುಟ್ಟ ಕೈಗೆ ಹಿಡಿಯಲು ಬರಬೇಕು ಅಂತ ಹಟ ಹಿಡಿದರು. ಅವರು ಮನೆಯಲ್ಲಿ ಮೊಲ ಸಾಕಿ, ನೋಡಿ ನೋಡಿ ಚಿತ್ರ ಬರೆದವರು. ನಿಮ್ಮ ಮಗನಿಗೆ ಅವನೇ ಎತ್ತಿಕೊಂಡು ಓಡಾಡುವಷ್ಟು ಚಿಕ್ಕದು ಬೇಕು. ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡು ಓದಲು, ತೊಡೆಯ ಮೇಲೆ ಹರಡಿಕೊಳ್ಳುವ ದೊಡ್ಡದು ಒಂದು ಬೇಕು. ಅಕ್ಕನ ಪುಸ್ತಕದಲ್ಲಿ ಪ್ರತಿ ಪುಟದಲ್ಲೂ ಎಲ್ಲೋ ಒಂದು ಕಡೆ ಅದೇ ಹುಳು ಅಡಗಿ ಕೂತಿದ್ದರೆ, ಅವಳು ಕಥೆ ಕೇಳುತ್ತಾಳೆ, ತಮ್ಮ ಹುಳು ಹುಡುಕುತ್ತಾನೆ. ಅಂಥದ್ದು ಸಿಕ್ಕರೆ ಜೊತೆಗೆ ಓದುವಾಗ ಇಬ್ಬರಿಗೂ ಒಂದೇ ಸಾಕು.

ಕೊಳ್ಳುವ ಮೊದಲು ಎರಡು ಪುಟವನ್ನು ಜೋರಾಗಿ ಓದಿ. ನಾಚಿಕೆ ಬೇಡ. ನಾಲಿಗೆ ಎಡವಿದರೆ, ಪ್ರಾಸಕ್ಕಾಗಿ ಮಾತನ್ನು ತಿರುಚಿದ್ದರೆ, ಅನುವಾದ ಒಣಗಿದ್ದರೆ ಅಲ್ಲೇ ತಿಳಿಯುತ್ತದೆ. ಮಗಳು ಮೆಚ್ಚಿದರೆ ನೀವು ಈ ಸಾಲುಗಳನ್ನು ಐವತ್ತು ಸಲ ಓದಬೇಕು, ನಿಮ್ಮ ಕಿವಿಗೂ ಹಿತವಾಗಿರಬೇಕಲ್ಲ. ಕೊನೆಯ ಪುಟದಲ್ಲಿ "ಆದ್ದರಿಂದ ಮಕ್ಕಳೇ, ನಾವೆಲ್ಲ ಗಿಡಮರಗಳನ್ನು ಪ್ರೀತಿಸಬೇಕು" ಅಂತ ಇದ್ದರೆ ನಾನು ಕೆಳಗಿಡುತ್ತೇನೆ. ಕಥೆ ಚೆನ್ನಾಗಿದ್ದರೆ ಪ್ರೀತಿ ಆಗಲೇ ಬಂದಿರುತ್ತದೆ.

ಎಲ್ಲ ಪುಸ್ತಕವೂ ನಗುನಗುತ್ತ ಮುಗಿಯಬೇಕು ಅಂತ ಇಲ್ಲ. ಗಾಳಿಗೆ ಗೂಡು ಬೀಳುತ್ತದೆ, ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ, ನೆಟ್ಟ ಬೀಜ ಕೆಲವೊಮ್ಮೆ ಮೊಳೆಯುವುದೇ ಇಲ್ಲ. ಮಕ್ಕಳು ಇದನ್ನೆಲ್ಲ ಹೊರಗೆ ನೋಡಿಯೇ ನೋಡುತ್ತಾರೆ. ಮೆತ್ತಗಿನ ಮಾತಿನಲ್ಲಿ ಇದನ್ನು ಹೇಳುವ ಪುಸ್ತಕ ಸಿಕ್ಕರೆ ಹೆದರಬೇಡಿ. ಆದರೆ ಮೊದಲು ನೀವೊಬ್ಬರೇ ಪೂರ್ತಿ ಓದಿ, ಆಮೇಲೆ ಅವಳ ಜೊತೆ ಕೂತು ಓದಿ. ಮಲಗುವ ಹೊತ್ತಿಗೆ ಬೇಡ.

ಗೊದಮೊಟ್ಟೆಯ ಪುಸ್ತಕವನ್ನು ಮತ್ತೆ ಮತ್ತೆ ಕೇಳುತ್ತಾಳೆ ಅಂತ ಬರೆದಿದ್ದೀರಿ. ಓದಿ, ಇನ್ನೂ ಓದಿ. ಪ್ರತಿ ಸಲವೂ ಅವಳು ಬೇರೆ ಏನನ್ನೋ ನೋಡುತ್ತಿರುತ್ತಾಳೆ. ನಿಮಗೆ ಬೇಸರವಾದರೆ ಓದುವ ರೀತಿ ಬದಲಿಸಿ. ಒಂದು ಸಲ ನೀವು ಬಾಯಿ ಮುಚ್ಚಿಕೊಳ್ಳಿ, ಅವಳು ಹೇಳಲಿ. "ಇದು ಯಾವ ಬಣ್ಣ, ಎಷ್ಟು ಕಾಲು" ಅಂತ ಪರೀಕ್ಷೆ ಮಾಡಬೇಡಿ. "ಇಲ್ಲಿ ಏನಾಗ್ತಿದೆ?" "ಇದು ಎಲ್ಲಿಗೆ ಹೊರಟಿರಬಹುದು?" ಅಂತ ಕೇಳಿ, ಸುಮ್ಮನೆ ಕಾಯಿರಿ. ಅವಳು "ಕಪ್ಪೆ ಹೊರಟಿತು" ಅಂದರೆ "ಹೌದು, ಬಾಲದ ಕಪ್ಪೆ ದಡಕ್ಕೆ ಹೊರಟಿತು" ಅಂತ ಒಂದೆರಡು ಪದ ಸೇರಿಸಿ ಹೇಳಿ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಹೀಗೆ ಓದುವುದನ್ನು ಕಲಿಸಿದರು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು, ಮಾಮೂಲಿಯಾಗಿ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿತ್ತು.

ಓದಿದ್ದನ್ನು ಹೊರಗೆ ಹೋಗಿ ನೋಡಿ. ಬೀಜದ ಪುಸ್ತಕ ಓದಿದರೆ ಅವತ್ತೇ ಗಾಜಿನ ಲೋಟದ ಒಳಬದಿಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಒಂದು ಹುರುಳಿಕಾಯಿ ಬೀಜ ಇಡಿ. ಕಾಗದ ಒಣಗದಂತೆ ನೋಡಿಕೊಳ್ಳಿ. ಕೆಲವೇ ದಿನಗಳಲ್ಲಿ ಬೇರು ಇಣುಕುತ್ತದೆ. ಪುಸ್ತಕವನ್ನು ಲೋಟದ ಪಕ್ಕದಲ್ಲೇ ಇಟ್ಟು, ದಿನಾ ಬೆಳಗ್ಗೆ "ಇವತ್ತು ನಾವು ಯಾವ ಪುಟದಲ್ಲಿದ್ದೇವೆ?" ಅಂತ ಕೇಳಿ. ನನಗೆ ಗೊತ್ತಿರುವ ಆಟಗಳಲ್ಲೆಲ್ಲ ಇದೇ ಚಂದ. ಗೂಡಿನ ಪುಸ್ತಕವಾದರೆ ದೂರದಿಂದ ನೋಡಿ ಸಾಕು. ಮೊಟ್ಟೆ ಇರುವ ಗೂಡಿನ ಹತ್ತಿರ ಹೋದರೆ ತಾಯಿಹಕ್ಕಿ ಬಿಟ್ಟುಹೋಗಬಹುದು.

ಎಷ್ಟು ಬೇಕು ಅಂದರೆ, ಮೂರು ಸಾಕು. ಮಗನಿಗೆ ಒಂದು ಬೋರ್ಡ್ ಬುಕ್. ಮಗಳಿಗೆ, ಒಂದೇ ಜೀವ ನಿಧಾನವಾಗಿ ಬದಲಾಗುವುದನ್ನು ನಿಜವಾಗಿ ತೋರಿಸುವ ಒಂದು. ಇಬ್ಬರೂ ನಗುವ ಕಥೆಯ ಪುಸ್ತಕ ಒಂದು. ಎಲ್ಲವನ್ನೂ ಕೊಳ್ಳಬೇಕಿಲ್ಲ. ಲೈಬ್ರರಿಯಿಂದ ಹತ್ತು ತಂದು, ಮಕ್ಕಳು ವಾಪಸ್ ಕೊಡಲು ಒಪ್ಪದ ಒಂದನ್ನು ಕೊಂಡರೆ ಸರಿಯಾದ ಲೆಕ್ಕ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ದಿನ ಅದು, 1967ರಿಂದ ನಡೆಯುತ್ತಿದೆ. ಆ ಹೊತ್ತಿಗೆ ಲೈಬ್ರರಿಗೆ ಹೋಗಿ, ಮಕ್ಕಳ ಕಪಾಟಿನ ಮುಂದೆ ಇಬ್ಬರನ್ನೂ ನೆಲದ ಮೇಲೆ ಬಿಟ್ಟುಬಿಡಿ. ಅವರು ಯಾವುದಕ್ಕೆ ಕೈ ಹಾಕುತ್ತಾರೆ ಅಂತ ಗಮನಿಸಿ.

ಇನ್ನು ತಂದಿರುವ ಹೂವಿನ ಪುಸ್ತಕ. ಅದನ್ನು ಮಗಳ ಕೈಗೆಟುಕುವ ಕೆಳಗಿನ ಕಪಾಟಿನಲ್ಲಿ ಇಡಿ. ಓದು ಅಂತ ಒತ್ತಾಯ ಬೇಡ. ನಿಮ್ಮ ಬೀದಿಯಲ್ಲಿ ಮೊದಲ ಹೂವು ಅರಳಿದ ದಿನ ಅವಳನ್ನು ಕರೆದುಕೊಂಡು ಹೋಗಿ ತೋರಿಸಿ. ಬಂದು ಆ ಪುಸ್ತಕ ತೆಗೆದು, ಇದರಲ್ಲಿ ನಮ್ಮ ಹೂವು ಇದೆಯಾ ಅಂತ ಹುಡುಕಲು ಹೇಳಿ. ಈ ಸಲ ಅವಳು ಎರಡು ಪುಟಕ್ಕೆ ನಿಲ್ಲುವುದಿಲ್ಲ, ಕೊನೆಯವರೆಗೂ ತಿರುವಿ ನೋಡುತ್ತಾಳೆ. ಸಿಗದಿದ್ದರೆ ಪುಸ್ತಕದ ಕೊನೆಗೆ ಒಂದು ಬಿಳಿ ಹಾಳೆ ಅಂಟಿಸಿ ಬಣ್ಣದ ಸೀಸಕಡ್ಡಿ ಕೊಡಿ, ಅವಳ ಹೂವನ್ನು ಅವಳೇ ಬರೆಯಲಿ.